ಹೂವಿನ ಸಸ್ಯಚಿತ್ರ ಬರೆಯೋಕೆ ಚಿತ್ರಕಲೆ ಕಲಿಯಲಾ, ಸಸ್ಯಶಾಸ್ತ್ರ ಕಲಿಯಲಾ?
ಇದೇ ಪ್ರಶ್ನೆ ಇಟ್ಟುಕೊಂಡು ನಾನೂ ಸುಮ್ನೆ ಕಾಲ ಕಳೆದೆ. ಚಿತ್ರಕಲೆ ಕಲಿತವಳು, ಕೈ ಚೆನ್ನಾಗಿತ್ತು. ತೊಂದರೆ ಆಗಿದ್ದೇ ಅದರಿಂದ.

ಒಂದು ಪುಸ್ತಕಕ್ಕೆ ಕಾಡುಹೂಗಳನ್ನು ಬರೆದುಕೊಡುತ್ತಿದ್ದೆ. ಅದರಲ್ಲಿ ಗೌರಿ ಹೂವೂ ಇತ್ತು, ಅಗ್ನಿಶಿಖೆ ಅಂತಾರಲ್ಲ, ಅದೇ. ಆರು ಎಸಳು ಮೇಲಕ್ಕೆ ಮಡಚಿಕೊಂಡಿರುತ್ತವೆ, ಆರು ಕೇಸರ ಸುತ್ತಲೂ ಚಾಚಿರುತ್ತವೆ, ಕೆಳಗೆ ಹಸಿರು ಅಂಡಾಶಯ. ಅದರಿಂದ ಹೊರಡುವ ಶಲಾಕೆ, ಅಂದರೆ ತುದಿಯಲ್ಲಿ ಪರಾಗ ಹಿಡಿಯುವ ಸಣ್ಣ ಕಡ್ಡಿ, ಮಾತ್ರ ಬುಡದಲ್ಲೇ ತಟ್ಟನೆ ಬಾಗಿ ಒಂದು ಪಕ್ಕಕ್ಕೆ ಹೋಗುತ್ತದೆ. ಹೂ ಕೀಳುವಾಗ ಪೆಟ್ಟಾಗಿದೆ ಅಂದುಕೊಂಡೆ. ನೋಡೋಕೂ ಒಂಥರಾ ವಕ್ರ. ನೇರ ಮಾಡಿಬಿಟ್ಟೆ. ಒಂದೇ ಗೆರೆ ತಾನೇ? ಆದರೆ ಆ ಬಾಗೇ ಈ ಹೂವಿನ ಗುರುತು, ಶಲಾಕೆಯ ತುದಿ ತನ್ನದೇ ಹೂವಿನ ಪರಾಗದಿಂದ ದೂರ ಉಳಿಯೋದು ಅದರಿಂದಲೇ. ಬಳ್ಳಿಯಲ್ಲಿದ್ದ ಪಕ್ಕದ ಹೂವನ್ನು ಒಮ್ಮೆ ನೋಡಿದ್ದರೂ ಗೊತ್ತಾಗುತ್ತಿತ್ತು, ಎಲ್ಲದರಲ್ಲೂ ಹಾಗೇ ಇತ್ತು. ಪುಸ್ತಕದವರು ಅದೊಂದನ್ನಲ್ಲ, ಕೊಟ್ಟಿದ್ದನ್ನೆಲ್ಲ ವಾಪಸ್ ಕಳಿಸಿದರು. ಇಲ್ಲಿ ತಿದ್ದಿದವಳು ಬೇರೆ ಕಡೆ ತಿದ್ದಿಲ್ಲ ಅಂತ ಏನು ಗ್ಯಾರಂಟಿ? ಅವರು ಕೇಳಿದ್ದು ಸರಿಯೇ.

ಅದಕ್ಕೇ ಹೇಳೋದು, ನಿಮ್ಮ ಪ್ರಶ್ನೆಯೇ ಸರಿಯಿಲ್ಲ. 1840ರ ದಶಕದಲ್ಲಿ ಶಿವಮೊಗ್ಗದಲ್ಲಿದ್ದ ಡಾಕ್ಟರ್ ಹ್ಯೂ ಕ್ಲೆಗ್‌ಹಾರ್ನ್ ದಿನಕ್ಕೊಂದು ಗಿಡ ನೋಡುತ್ತಾ, ಸ್ಥಳೀಯ ಚಿತ್ರಕಾರನ ಕೈಲಿ ಬರೆಸುತ್ತಿದ್ದರು. ಆ ಚಿತ್ರಗಳು ಈಗ ಎಡಿನ್‌ಬರೋ ಸಸ್ಯೋದ್ಯಾನದಲ್ಲಿವೆ. ಲಾಲ್‌ಬಾಗಿನಲ್ಲಿ ಅಲ್ಲಿನ ಚಿತ್ರಕಾರ ಚೆಲುವಯ್ಯ ರಾಜು ಬರೆದವೂ ಇವೆ. ಈ ಚಿತ್ರಕಾರರು ಯಾವ ಸಸ್ಯಶಾಸ್ತ್ರದ ಡಿಗ್ರಿ ಇಟ್ಟುಕೊಂಡೂ ಬರೆಯಲಿಲ್ಲ. ಗಿಡ ಎದುರಿಗಿತ್ತು, ಅಷ್ಟೇ.

ಕೋರ್ಸಿಗೆ ದುಡ್ಡು ಹಾಕುವ ಮೊದಲು ಒಂದು ಸಣ್ಣ ಮಸೂರ, ಒಂದು ಡಿವೈಡರ್ ತಗೊಳ್ಳಿ. ಫೋಟೋ ನೋಡಿ ಬರೆಯಬೇಡಿ. ಗೌರಿ ಹೂವನ್ನೇ ತಗೊಳ್ಳಿ, ಎಸಳು ಮೊದಲು ಹಸಿರು, ಆಮೇಲೆ ಹಳದಿ, ಕೊನೆಗೆ ಪೂರ್ತಿ ಕೆಂಪು. ಎಲೆಯ ತುದಿಯೇ ನುಲಿದುಕೊಂಡು ಪಕ್ಕದ ಕಡ್ಡಿ ಹಿಡಿಯುತ್ತದೆ. ಒಂದು ಫೋಟೋದಲ್ಲಿ ಇಷ್ಟೆಲ್ಲ ಎಲ್ಲಿ ಸಿಗುತ್ತೆ? ಒಂದೇ ಜಾತಿಯ ನಾಲ್ಕಾರು ಹೂ ನೋಡಿ, ಒಂದನ್ನು ಸೀಳಿ, ಅಳತೆ ಬರೆದಿಟ್ಟುಕೊಂಡು ಆಮೇಲೆ ಬಣ್ಣ ಮುಟ್ಟಿ.

ಹಾಂ, ಬ್ರಷ್ ತುದಿಯನ್ನು ಬಾಯಲ್ಲಿಟ್ಟು ಚೂಪು ಮಾಡೋ ಚಾಳಿ ಇದ್ದರೆ ಈ ಗಿಡದ ಜೊತೆ ಬೇಡವೇ ಬೇಡ. ಇಡೀ ಗಿಡ ವಿಷ, ಗಡ್ಡೆಯಂತೂ ಇನ್ನೂ ಜಾಸ್ತಿ.