ನಿಮ್ಮ ಪ್ರಶ್ನೆ, ನಮ್ಮ ಉತ್ತರ: ದೋಣಿ ಗುಡ್ಡ ಹತ್ತುವುದು ಹೇಗೆ?

ಪ್ರಶ್ನೆ: ಮಗಳು, ಅಳಿಯ ಫ್ರಾನ್ಸಿನ ತುಲೂಸ್ ನಗರದಲ್ಲಿದ್ದಾರೆ. ಮೇ ತಿಂಗಳಲ್ಲಿ ಬನ್ನಿ, ಬಾಡಿಗೆ ದೋಣಿಯಲ್ಲಿ ಕನಾಲ್ ದ್ಯು ಮಿದಿ ಕಾಲುವೆ ನೋಡೋಣ ಎನ್ನುತ್ತಿದ್ದಾರೆ. ದೋಣಿ ಗುಡ್ಡ ಹತ್ತಿ ಇಳಿಯುತ್ತದಂತೆ! ನೀರನ್ನು ಪಂಪಿನಿಂದ ಏರಿಸುತ್ತಾರೆಯೇ? ಅರವತ್ತು ದಾಟಿದ ನಮ್ಮಿಬ್ಬರಿಗೆ ಇದು ಆಗುವ ಮಾತೇ? ನಾವು ಸಸ್ಯಾಹಾರಿಗಳು.
– ಓದುಗ ದಂಪತಿ, ಶಿವಮೊಗ್ಗ

ಉತ್ತರ: ಧಾರಾಳವಾಗಿ ಹೋಗಿ ಬನ್ನಿ. ಆದರೆ ಅಳಿಯನಿಗೆ ಈಗಲೇ ಒಂದು ಮಾತು ಹೇಳಿಬಿಡಿ: ದೋಣಿಯನ್ನು ತುಲೂಸಿನಲ್ಲಿ ಹತ್ತುವುದು ಬೇಡ, ರೈಲಿನಲ್ಲಿ ಕಾಸ್ತೆಲ್ನೋದರಿ ಊರಿಗೆ ಹೋಗಿ ಅಲ್ಲಿಂದ ಪೂರ್ವಕ್ಕೆ ಹೊರಡಿ. ಕಾರಣ ಹೇಳುತ್ತೇನೆ.

ನೀರಾವರಿ ಇಲಾಖೆಯ ತೂಬು, ಗೇಟುಗಳ ನಡುವೆಯೇ ತಲೆ ನರೆಸಿಕೊಂಡವನು ನಾನು. ಈ ಕಾಲುವೆಯ ವಿಷಯ ಬಂದರೆ ಸ್ವಲ್ಪ ಹೆಚ್ಚೇ ಮಾತನಾಡುತ್ತೇನೆ, ಸಹಿಸಿಕೊಳ್ಳಿ. 1666ರಿಂದ 1681ರವರೆಗೆ ತೋಡಿದ 240 ಕಿಲೋಮೀಟರ್ ಕಾಲುವೆ ಇದು. ತೋಡಿಸಿದ ಪಿಯೆರ್ ಪೋಲ್ ರಿಕೆ ಎಂಜಿನಿಯರನೇ ಅಲ್ಲ, ಉಪ್ಪಿನ ತೆರಿಗೆ ವಸೂಲಿಯ ಗುತ್ತಿಗೆದಾರ. ನೆಲ ಅಗೆಯುವುದಕ್ಕಿಂತ ದೊಡ್ಡ ತಲೆನೋವು ಬೇರೆಯೇ ಇತ್ತು. ಕಾಲುವೆಯ ಅತಿ ಎತ್ತರದ ಜಾಗ ನೌರೂಜ್, ಸಮುದ್ರಮಟ್ಟದಿಂದ ಸುಮಾರು 190 ಮೀಟರ್. ಪ್ರತಿ ದೋಣಿಯ ಏರಿಳಿತಕ್ಕೂ ನೀರು ಕೆಳಗೆ ಹರಿದುಹೋಗುತ್ತದೆ. ಹಾಗಾದರೆ ನೆತ್ತಿಗೆ ನೀರೆಲ್ಲಿಂದ? ಉತ್ತರದ 'ಕಪ್ಪು ಬೆಟ್ಟ'ದ ಹೊಳೆಗಳನ್ನು ತಿರುಗಿಸಿ, ಸೇಂಟ್ ಫೆರಿಯೋಲ್‌ನಲ್ಲಿ ಅಣೆಕಟ್ಟು ಕಟ್ಟಿ, ಬರಿಯ ಇಳಿಜಾರಿನ ಬಲದಿಂದ ಅಲ್ಲಿಗೆ ತಂದ. ಪಂಪಿನ ಹಂಗೇ ಇಲ್ಲ. ಅಲ್ಲಿಂದ ಒಂದಷ್ಟು ನೀರು ಅಟ್ಲಾಂಟಿಕ್ ಕಡೆಗೆ, ಒಂದಷ್ಟು ಮೆಡಿಟರೇನಿಯನ್ ಕಡೆಗೆ. ಪಾಪ, ಕಾಲುವೆ ತೆರೆಯುವ ಕೆಲವೇ ತಿಂಗಳ ಮೊದಲು ಆತ ತೀರಿಕೊಂಡ.

ದೋಣಿ ಗುಡ್ಡ ಹತ್ತಿ ಇಳಿಯುವುದು ಲಾಕ್‌ಗಳ ಮೂಲಕ. ಲಾಕ್ ಎಂದರೇನು ನೋಡಿ. ಎರಡೂ ತುದಿಗೆ ಬಾಗಿಲಿರುವ ಕಲ್ಲಿನ ತೊಟ್ಟಿ. ಇಳಿಯುವಾಗ ತುಂಬಿದ ತೊಟ್ಟಿಯೊಳಕ್ಕೆ ದೋಣಿ ಹೋಗುತ್ತದೆ, ಹಿಂದಿನ ಬಾಗಿಲು ಮುಚ್ಚುತ್ತದೆ, ಮುಂದಿನ ಬಾಗಿಲಿನ ತೂಬು ತೆರೆಯುತ್ತದೆ. ನೀರಿನೊಂದಿಗೆ ದೋಣಿಯೂ ಮೆಲ್ಲಗೆ ತಗ್ಗುತ್ತದೆ. ಎರಡೂ ಕಡೆಯ ಮಟ್ಟ ಸಮವಾಗುವವರೆಗೆ ಆನೆ ಕಟ್ಟಿ ಎಳೆದರೂ ಬಾಗಿಲು ತೆರೆಯದು; ನೀರಿನ ಒತ್ತಡವೇ ಅದರ ಬೀಗ. ಇಲ್ಲಿನ ತೊಟ್ಟಿಗಳ ಗೋಡೆ ಮೊಟ್ಟೆಯಾಕಾರದಲ್ಲಿ ಹೊರಕ್ಕೆ ಬಾಗಿದೆ. ಹಿಂದಿನ ಮಣ್ಣು ಒತ್ತಿದಷ್ಟೂ ಕಲ್ಲುಗಳು ಒಂದಕ್ಕೊಂದು ಬಿಗಿಯುತ್ತವೆ.

ಹತ್ತುವಾಗ ಇದೇ ತಿರುಗುಮುರುಗು: ತಗ್ಗಿದ ತೊಟ್ಟಿಗೆ ಮೇಲಿನಿಂದ ನೀರು ನುಗ್ಗಿ ದೋಣಿಯನ್ನು ಎತ್ತುತ್ತದೆ. ಆಗ ಮಾತ್ರ ದೋಣಿ ಅಲುಗಾಡುತ್ತದೆ, ಹಗ್ಗ ಹಿಡಿದವರ ಭುಜಕ್ಕೆ ಕೆಲಸ. ತುಲೂಸಿನಿಂದ ನೌರೂಜ್‌ವರೆಗೆ ಬರೀ ಹತ್ತುವುದೇ. ಕಾಸ್ತೆಲ್ನೋದರಿ ನೆತ್ತಿಯ ಆಚೆಗಿದೆ, ಅಲ್ಲಿಂದ ಪೂರ್ವಕ್ಕೆ ಎಲ್ಲವೂ ಇಳಿತ. ಇಳಿಯುವಾಗ ಎರಡು ಎಚ್ಚರ. ಹಗ್ಗವನ್ನು ದಡದ ಗೂಟಕ್ಕೆ ಗಂಟು ಹಾಕಬೇಡಿ, ಒಂದು ಸುತ್ತು ಹಾಕಿ ತುದಿ ಕೈಯಲ್ಲೇ ಹಿಡಿದು ಸಡಿಲಿಸುತ್ತಾ ಬನ್ನಿ. ಕಟ್ಟಿದರೆ ನೀರು ಕೆಳಗಿಳಿದು ದೋಣಿ ಮೇಲೆ ನೇತಾಡುತ್ತದೆ. ಇನ್ನೊಂದು, ಹಿಂಬದಿಯ ಬಾಗಿಲ ಬುಡದಲ್ಲಿ ನೀರಿನಡಿ ಕಲ್ಲಿನ ಹೊಸ್ತಿಲಿದೆ. ದೋಣಿಯ ಹಿಂಭಾಗ ಅದರ ಮೇಲೆ ಕೂರದಂತೆ ಮುಂದಕ್ಕೆ ನಿಲ್ಲಿಸಿ. ಹಗ್ಗ ಮಗಳು, ಅಳಿಯನ ಪಾಲಿಗಿರಲಿ. ಬಾಡಿಗೆ ದೋಣಿಗೆ ಪರವಾನಗಿ ಬೇಕಿಲ್ಲ, ಹೊರಡುವ ಮುನ್ನ ಕಲಿಸಿಕೊಡುತ್ತಾರೆ. ವೇಗದ ಮಿತಿ ಗಂಟೆಗೆ 8 ಕಿಲೋಮೀಟರ್. ಮಧ್ಯಾಹ್ನದ ಊಟದ ಹೊತ್ತಿಗೆ ಲಾಕ್‌ಗಳು ಮುಚ್ಚುತ್ತವೆ, ಗೊಣಗದೆ ನೀವೂ ಉಣ್ಣಿ.

ದಾರಿಯಲ್ಲಿ ಕಾರ್ಕಸೋನ್ ಬಿಡಬೇಡಿ. ರಿಕೆಯ ಕಾಲದಲ್ಲಿ ಹಣ ಕೊಡಲು ಒಪ್ಪದ ಆ ಊರನ್ನು ಬಿಟ್ಟು ಕಾಲುವೆ ಬೇರೆ ಕಡೆ ಹೋಯಿತು, ಊರಿಗೆ ಬಂದದ್ದು 1810ರಲ್ಲಿ. ದೋಣಿ ನಿಲ್ಲಿಸಿ ಓಡ್ ನದಿ ದಾಟಿ ನಡೆದರೆ ಕೋಟೆ. ಅರ್ಜಾನ್ ಲಾಕ್ ದಾಟಿದ ಮೇಲೆ 54 ಕಿಲೋಮೀಟರ್ ಒಂದೇ ಮಟ್ಟ, ಒಂದೂ ಲಾಕ್ ಇಲ್ಲ. ಅದು ಮುಗಿಯುವುದು ಬೆಜಿಯೆ ಊರಿನ ಫೊನ್ಸೆರಾನ್ ಮೆಟ್ಟಿಲು ಲಾಕ್‌ಗಳಲ್ಲಿ (ಒಂದಕ್ಕೊಂದು ಅಂಟಿಕೊಂಡ ತೊಟ್ಟಿಗಳ ಸಾಲು), 21 ಮೀಟರಿಗೂ ಹೆಚ್ಚು ಇಳಿತ. ಅಷ್ಟು ದೂರ ಆಗದಿದ್ದರೆ ರೈಲಿನಲ್ಲಾದರೂ ಹೋಗಿ, ದಂಡೆಯಲ್ಲಿ ನಿಂತು ನೋಡಿ. ಚಿತ್ರಗಳಲ್ಲಿ ಕಾಣುವ ಮರದ ಚಪ್ಪರ ಎಲ್ಲ ಕಡೆ ಸಿಗದು: 2006ರಲ್ಲಿ ಕಂಡ ಶಿಲೀಂಧ್ರ ರೋಗದಿಂದ ದಂಡೆಯ ಸಾವಿರಾರು 'ಪ್ಲೇನ್' ಜಾತಿಯ ಮರಗಳನ್ನು ಕಡಿದಿದ್ದಾರೆ. ಟೋಪಿ ಇರಲಿ.

ಊಟದ ವಿಷಯ: ಕಾಸ್ತೆಲ್ನೋದರಿಯ ಹೆಸರಾಂತ ಕಸೂಲೆ ಎಂಬ ಅಡುಗೆಯಲ್ಲಿ ಮೇಲೆ ಕಾಣುವುದು ಬಿಳಿ ಹುರುಳಿಕಾಯಿ ಬೀಜ, ಒಳಗೆ ಹಂದಿ, ಬಾತುಕೋಳಿ ಮಾಂಸ. ದೋಣಿಯಲ್ಲಿ ಒಲೆ, ಪಾತ್ರೆ ಇರುತ್ತವೆ. ಸಾರಿನ ಪುಡಿ ಒಯ್ಯಿರಿ. ತರಕಾರಿ ದಾರಿಯ ಊರುಗಳ ಸಂತೆಯಲ್ಲಿ ಸಿಗುತ್ತದೆ.