ಪ್ರತಿಕ್ರಿಯೆ: ಇಳಿಜಾರಿನಲ್ಲಿ ಮಾತ್ರ ರೈಲು 4 ಕಿ.ಮೀ. ಮುಂದೆ ಹೋಗಿ ನಿಲ್ಲುತ್ತಿದೆ

ನಿಮ್ಮ ಸಿಮ್ಯುಲೇಟರ್‌ನಲ್ಲಿ ಗಂಟೆಗೆ 300 ಕಿ.ಮೀ. ವೇಗದ ರೈಲು ನಿಲ್ಲಬೇಕಾದ ಜಾಗ ದಾಟಿ ಹೋಗುತ್ತಿದೆ ಅಂತ ಕೇಳಿದ್ದೀರಿ. ಸಮತಟ್ಟು ಹಳಿಯಲ್ಲಿ ಸರಿಯಾಗಿ ನಿಲ್ಲುವ ರೈಲು ಸಾವಿರಕ್ಕೆ 25ರ (1000 ಮೀಟರ್‌ಗೆ 25 ಮೀಟರ್) ಇಳಿಜಾರಿನಲ್ಲಿ ಮಾತ್ರ ತಪ್ಪುತ್ತಿದ್ದರೆ, ಸಿಮ್ಯುಲೇಟರ್ ಬಹುಶಃ ಇಳಿತವನ್ನು ಏರು ಅಂತ ಓದುತ್ತಿದೆ. ಇಟಿಸಿಎಸ್ (ಯುರೋಪಿನ ರೈಲು ನಿಯಂತ್ರಣ ವ್ಯವಸ್ಥೆ) ಹಳಿಯ ಏರಿಳಿತವನ್ನು ರೈಲಿಗೆ ತಿಳಿಸೋದು ಪ್ಯಾಕೆಟ್ 21 ಅನ್ನೋ ಸಂದೇಶದಲ್ಲಿ. ಅದರಲ್ಲಿ ಇಳಿಜಾರಿನ ಪ್ರಮಾಣ ಹೇಳುವ ಜಿ_ಎ ಋಣಸಂಖ್ಯೆ ಆಗೋದೇ ಇಲ್ಲ. ದಿಕ್ಕು ಇರೋದು ಕ್ಯೂ_ಜಿಡಿಐಆರ್ ಅನ್ನೋ ಬೇರೆ ಮೌಲ್ಯದಲ್ಲಿ: 0 ಇಳಿತ, 1 ಏರು. ನಾನೂ ಇದನ್ನು ಉಲ್ಟಾ ಮಾಡಿ, ಒಂದು ವಾರ ಬ್ರೇಕ್ ಮಾಡೆಲ್ಲನ್ನೇ ಬೈದಿದ್ದೆ.

ಕೈಲೆಕ್ಕ ಹಾಕಿ ನೋಡಿ. ಗಂಟೆಗೆ 300 ಕಿ.ಮೀ. ಅಂದರೆ ಸೆಕೆಂಡಿಗೆ 83.3 ಮೀಟರ್. ನಿಮ್ಮ ಬ್ರೇಕ್ ವೇಗವನ್ನು ಪ್ರತಿ ಸೆಕೆಂಡಿಗೆ 0.7 ಮೀ./ಸೆ. ತಗ್ಗಿಸುತ್ತೆ, ಇಳಿಜಾರು ಅದರಲ್ಲಿ 0.245 ತಿನ್ನುತ್ತೆ. ಉಳಿದ 0.455ರಲ್ಲಿ ನಿಲ್ಲಲು 7.6 ಕಿ.ಮೀ. ಬೇಕು. ಚಿಹ್ನೆ ತಪ್ಪಿ ಕೂಡಿಸಿದರೆ 0.945, ಬರೀ 3.7 ಕಿ.ಮೀ. ವ್ಯತ್ಯಾಸ ಸರಿಯಾಗಿ ನಿಮ್ಮ 4 ಕಿ.ಮೀ.

ಮೊದಲು ಡಿಕೋಡ್ ಆದ ಎರಡೂ ಮೌಲ್ಯಗಳನ್ನು ಲಾಗ್‌ನಲ್ಲಿ ಪ್ರಿಂಟ್ ಮಾಡಿ. ಆಮೇಲೆ ಕ್ಯೂ_ಜಿಡಿಐಆರ್ 0 ಬಂದಾಗ ಜಿ_ಎಗೆ ಮೈನಸ್ ಹಾಕಿ ಮತ್ತೆ ಓಡಿಸಿ. ರೈಲು ಇನ್ನೂ 2.7 ಕಿ.ಮೀ. ಮುಂದೆ ಹೋದರೆ ಇಳಿಜಾರು ಬ್ರೇಕ್ ಲೆಕ್ಕಕ್ಕೇ ಬರ್ತಿಲ್ಲ ಅಂತ ಅರ್ಥ: ಬರೀ 0.7ರಲ್ಲಿ ನಿಲ್ಲಲು 5 ಕಿ.ಮೀ.ನಷ್ಟು ಸಾಕು, 7.6ಕ್ಕೆ ಅಷ್ಟೇ ಕಮ್ಮಿ. ನೂರಿನ್ನೂರು ಮೀಟರ್ ಮಾತ್ರ ಉಳಿದರೆ, ಕೋಡ್ ನೋಡದೆ ಖಚಿತವಾಗಿ ಹೇಳಲಾರೆ, ಆದರೆ ರೈಲಿನ ಉದ್ದ ನೋಡಿ: ಎಂಜಿನ್ ಕೆಳಗಿನ ಇಳಿಜಾರು ಸಾಲದು, ಮೂತಿಯಿಂದ ಬಾಲದವರೆಗಿನ ಅತಿ ಕಡಿದಾದ ಇಳಿತವನ್ನೇ ತೆಗೆದುಕೊಳ್ಳಬೇಕು.