ಸಾಲದ ಆ್ಯಪ್ ಕಾಂಟ್ಯಾಕ್ಟ್ಸ್ ಕೇಳುತ್ತಿದೆ, ಕೊಡಬೇಕಾ? ಎಲ್ಲ ಪರ್ಮಿಷನ್ ತೆಗೆದರೆ ಯುಪಿಐ ನಿಂತುಹೋಗುತ್ತಾ?

ಮೊದಲನೆಯದಕ್ಕೆ: ಕೊಡಬೇಡಿ. ರಿಸರ್ವ್ ಬ್ಯಾಂಕಿನ ಡಿಜಿಟಲ್ ಸಾಲದ ನಿಯಮದ ಪ್ರಕಾರ ಸಾಲದ ಆ್ಯಪ್‌ಗಳು ನಿಮ್ಮ ಕಾಂಟ್ಯಾಕ್ಟ್ಸ್, ಕಾಲ್ ಲಾಗ್, ಫೈಲು, ಫೋಟೋ ಯಾವುದನ್ನೂ ಮುಟ್ಟುವಂತಿಲ್ಲ. ಕೆವೈಸಿಗೆ ಬೇಕಾದ ಕ್ಯಾಮೆರಾ, ಮೈಕ್, ಲೊಕೇಶನ್‌ನಂಥವನ್ನು ಮಾತ್ರ ಕೇಳಬಹುದು. ಅದೂ ನೀವು ಒಪ್ಪಿದರೆ, ಒಂದೇ ಸಲ. ಕಾಂಟ್ಯಾಕ್ಟ್ಸ್ ಕೊಟ್ಟೇ ತೀರಬೇಕು ಎಂದು ಹಟ ಹಿಡಿಯುವ ಆ್ಯಪ್, ನಾಳೆ ಕಂತು ತಪ್ಪಿದರೆ ನಿಮ್ಮ ನೆಂಟರಿಷ್ಟರಿಗೆಲ್ಲ ಫೋನ್ ಮಾಡಲು ಈಗಲೇ ತಯಾರಿ ಮಾಡಿಕೊಳ್ಳುತ್ತಿದೆ ಎಂದೇ ತಿಳಿಯಿರಿ. ಈಗಾಗಲೇ ಕೊಟ್ಟಾಗಿದ್ದರೆ ಆಫ್ ಮಾಡಿ, ಆದರೆ ಅವರ ಸರ್ವರ್‌ಗೆ ಹೋದ ಪಟ್ಟಿ ಅದರಿಂದ ಅಳಿಸಿಹೋಗುವುದಿಲ್ಲ.

ಎರಡನೆಯದು ಸ್ವಲ್ಪ ದೊಡ್ಡದು (ಇದು ಆಂಡ್ರಾಯ್ಡ್‌ಗೆ ಮಾತ್ರ). ಒಂದೊಂದೇ ಆ್ಯಪ್ ತೆರೆದು ನೋಡುತ್ತ ಕೂತರೆ ಅರ್ಧದಲ್ಲೇ ಬೇಜಾರಾಗುತ್ತದೆ. ಅದರ ಬದಲು ಪರ್ಮಿಷನ್ ಕಡೆಯಿಂದ ಬನ್ನಿ. ಸೆಟ್ಟಿಂಗ್ಸ್ ಮೇಲಿನ ಸರ್ಚ್‌ನಲ್ಲಿ 'ಪರ್ಮಿಷನ್ ಮ್ಯಾನೇಜರ್' ಹುಡುಕಿ. ಒಂದೊಂದು ಕಂಪನಿ ಒಂದೊಂದು ಕಡೆ ಇಟ್ಟಿರುವುದರಿಂದ ಸರ್ಚ್ ಮಾಡುವುದೇ ಸುಲಭ. ಅಲ್ಲಿ ಎಸ್‌ಎಂಎಸ್, ಲೊಕೇಶನ್, ಮೈಕ್ ಹೀಗೆ ಸಾಲಾಗಿ ಇರುತ್ತವೆ, ಒಂದೊಂದನ್ನು ಒತ್ತಿದರೆ ಯಾವ್ಯಾವ ಆ್ಯಪ್‌ಗೆ ಅದು ಸಿಕ್ಕಿದೆ ಅಂತ ಕಾಣುತ್ತದೆ.

ಶುರು ಎಸ್‌ಎಂಎಸ್‌ನಿಂದ, ಯಾಕೆಂದರೆ ಒಟಿಪಿ ಬರುವುದು ಅಲ್ಲಿಗೇ. ಮೆಸೇಜ್ ಆ್ಯಪ್, ಬ್ಯಾಂಕ್ ಮತ್ತು ಯುಪಿಐ ಆ್ಯಪ್ ಬಿಟ್ಟು ಉಳಿದದ್ದಕ್ಕೆಲ್ಲ ತೆಗೆಯಿರಿ. ಹೆಚ್ಚೆಂದರೆ ಕೆಲವು ಕಡೆ ಒಟಿಪಿಯನ್ನು ನೀವೇ ಟೈಪ್ ಮಾಡಬೇಕಾದೀತು. ಯುಪಿಐ ಆ್ಯಪ್ ನೋಂದಣಿ ಮಾಡುವಾಗ ನಿಮ್ಮ ಸಿಮ್‌ನಿಂದ ಒಂದು ಎಸ್‌ಎಂಎಸ್ ಕಳಿಸಿ ನಂಬರ್, ಸಿಮ್, ಫೋನ್ ಮೂರನ್ನೂ ಜೋಡಿಸಿಕೊಳ್ಳುತ್ತದೆ. ಎಸ್‌ಎಂಎಸ್ ಮತ್ತು ಫೋನ್ ಪರ್ಮಿಷನ್ ಬೇಕಾಗುವುದು ಇದಕ್ಕೇ. ಆಮೇಲೆ ತೆಗೆದರೆ ಕೆಲವು ಆ್ಯಪ್ ತೆರೆಯುವುದೇ ಇಲ್ಲ, ಹಾಗಾಗಿ ಇವೆರಡನ್ನು ಹಾಗೇ ಬಿಡಿ. ಕಾಂಟ್ಯಾಕ್ಟ್ಸ್ ಮಾತ್ರ ಧೈರ್ಯವಾಗಿ ತೆಗೆಯಬಹುದು: ಕ್ಯೂಆರ್ ಸ್ಕ್ಯಾನ್ ಮಾಡಿಯೋ ನಂಬರ್ ಟೈಪ್ ಮಾಡಿಯೋ ದುಡ್ಡು ಕಳಿಸಲು ಅದು ಬೇಕಿಲ್ಲ.

ಲೊಕೇಶನ್‌ನಲ್ಲಿ 'ಯಾವಾಗಲೂ' ಎಂದು ಕೊಟ್ಟಿರುವ ಎಲ್ಲವನ್ನೂ 'ಬಳಸುವಾಗ ಮಾತ್ರ'ಕ್ಕೆ ಇಳಿಸಿ. ಮನೆಯವರೊಂದಿಗೆ ಲೊಕೇಶನ್ ಹಂಚಿಕೊಳ್ಳುವಂಥ ಆ್ಯಪ್ ಇದ್ದರೆ ಅದೊಂದನ್ನು ಬಿಡಿ. ಹವಾಮಾನ, ಸುದ್ದಿ ಆ್ಯಪ್‌ಗಳಿಗೆ ನಿಖರ ಲೊಕೇಶನ್‌ನ ಸ್ವಿಚ್ಚನ್ನೂ ಆಫ್ ಮಾಡಿ (ಆಂಡ್ರಾಯ್ಡ್ 12ರಿಂದ ಇದೆ). ಆಗ ಅವಕ್ಕೆ ಸುಮಾರು 3 ಚದರ ಕಿಲೋಮೀಟರ್‌ನ ಅಂದಾಜು ಜಾಗ ಮಾತ್ರ ಸಿಗುತ್ತದೆ. ನಾಳೆ ಮಳೆ ಬರುತ್ತದಾ ಎಂದು ಹೇಳಲು ನಿಮ್ಮ ಮನೆ ನಂಬರ್ ಬೇಡ. ಕ್ಯಾಬ್‌ಗೆ ನಿಖರ ಬೇಕು, ಇಲ್ಲದಿದ್ದರೆ ಡ್ರೈವರ್ ಪಕ್ಕದ ಕ್ರಾಸ್‌ನಲ್ಲಿ ನಿಂತು ಫೋನ್ ಮಾಡುತ್ತಾರೆ.

ಒಂದು ಸಣ್ಣ ತೊಡಕು: ಆಂಡ್ರಾಯ್ಡ್ 11ರಿಂದ ಈಚೆಗೆ ಒಂದೇ ಪರ್ಮಿಷನ್‌ಗೆ ಎರಡು ಸಲ ಬೇಡ ಅಂದರೆ ಆ್ಯಪ್ ಮತ್ತೆ ಕೇಳುವುದಿಲ್ಲ. ಸ್ಕ್ಯಾನರ್ ಕಪ್ಪಗೆ ನಿಂತಿದ್ದರೆ ಫೋನ್ ಕೆಟ್ಟಿದೆ ಅಂದುಕೊಳ್ಳಬೇಡಿ. ಆ್ಯಪ್ ಐಕಾನ್ ಒತ್ತಿ ಹಿಡಿದು, ಆ್ಯಪ್ ಇನ್ಫೋಗೆ ಹೋಗಿ ಕ್ಯಾಮೆರಾ ಆನ್ ಮಾಡಿ.

ಇಷ್ಟೆಲ್ಲ ಮಾಡಿದರೂ ನಿಜವಾಗಿ ಅಪಾಯದವು ಈ ಪಟ್ಟಿಯಲ್ಲಿ ಇರುವುದೇ ಇಲ್ಲ. ಸೆಟ್ಟಿಂಗ್ಸ್‌ನಲ್ಲಿ 'ಸ್ಪೆಷಲ್ ಆ್ಯಪ್ ಆ್ಯಕ್ಸೆಸ್' ಅಂತ ಇನ್ನೊಂದು ಜಾಗ ಇದೆ. ಅಲ್ಲಿ ನೋಟಿಫಿಕೇಶನ್ ಓದುವುದು, ಬೇರೆ ಆ್ಯಪ್ ಮೇಲೆ ಕಾಣಿಸಿಕೊಳ್ಳುವುದು, ಹೊರಗಿನ ಆ್ಯಪ್ ಇನ್‌ಸ್ಟಾಲ್ ಮಾಡುವುದು ಇವನ್ನು ನೋಡಿ. ನೋಟಿಫಿಕೇಶನ್ ಓದುವ ಅವಕಾಶ ಸಿಕ್ಕ ಆ್ಯಪ್‌ಗೆ ಒಟಿಪಿ ನೋಡಲು ಎಸ್‌ಎಂಎಸ್ ಪರ್ಮಿಷನ್ ಬೇಕಾಗದೇ ಇರಬಹುದು. ಸ್ಮಾರ್ಟ್‌ವಾಚ್ ಆ್ಯಪ್‌ಗೆ ಇದು ಬೇಕು, ವಾಲ್‌ಪೇಪರ್ ಆ್ಯಪ್‌ಗೆ ಯಾಕೆ? ವಾಟ್ಸಾಪ್‌ನಿಂದ, ಬ್ರೌಸರ್‌ನಿಂದ ಇನ್‌ಸ್ಟಾಲ್ ಮಾಡುವ ಅವಕಾಶವನ್ನೂ ಮುಚ್ಚಿಬಿಡಿ; ಮದುವೆ ಆಮಂತ್ರಣ, ಟ್ರಾಫಿಕ್ ದಂಡದ ಚಲನ್ ಹೆಸರಿನ ಎಪಿಕೆ (ಪ್ಲೇ ಸ್ಟೋರ್ ಬಿಟ್ಟು ನೇರವಾಗಿ ಆ್ಯಪ್ ಹಾಕುವ) ಫೈಲುಗಳು ಬರುವುದು ಅದೇ ದಾರಿಯಲ್ಲಿ.

ಎಲ್ಲಕ್ಕಿಂತ ದೊಡ್ಡದು ಆ್ಯಕ್ಸೆಸಿಬಿಲಿಟಿ, ಅದಕ್ಕೆ ಸೆಟ್ಟಿಂಗ್ಸ್‌ನಲ್ಲೇ ಬೇರೆ ಮೆನು ಇದೆ. ದೃಷ್ಟಿದೋಷದಂಥ ತೊಂದರೆ ಇರುವವರಿಗಾಗಿ ಮಾಡಿದ ಸೌಲಭ್ಯ ಇದು. ಅದು ಸಿಕ್ಕ ಆ್ಯಪ್ ಪರದೆಯ ಮೇಲಿನದ್ದನ್ನು ಓದಬಲ್ಲದು, ನಿಮ್ಮ ಪರವಾಗಿ ಬಟನ್ ಒತ್ತಬಲ್ಲದು. ಆಂಡ್ರಾಯ್ಡ್ 13ರಿಂದ ಹೊರಗಿನಿಂದ ಹಾಕಿದ ಎಪಿಕೆಗೆ ಇದನ್ನು ಕೊಡಲು ಹೋದರೆ 'ರಿಸ್ಟ್ರಿಕ್ಟೆಡ್ ಸೆಟ್ಟಿಂಗ್' ಎಂದು ತಡೆಯುತ್ತದೆ. ಆಗ ಬ್ಯಾಂಕಿನವರು ಎಂದು ಹೇಳಿಕೊಂಡು ಕರೆ ಮಾಡಿದ ವಂಚಕರು ಆ್ಯಪ್ ಇನ್ಫೋದ ಮೇಲಿನ ಮೂರು ಚುಕ್ಕೆ ಒತ್ತಿ, ಅಲೋ ಮಾಡಿ ಅನ್ನುತ್ತಾರೆ. ಆ ಮಾತು ಕೇಳಿದ ಕೂಡಲೇ ಫೋನ್ ಇಡಿ.

ಅಂಥದ್ದೊಂದು ಆಗಲೇ ಒಳಗೆ ಬಂದಿದ್ದರೆ ಮೊದಲು ಫ್ಲೈಟ್ ಮೋಡ್ ಹಾಕಿ, ವೈಫೈಯೂ ಆಫ್ ಆಗಿದೆಯೇ ನೋಡಿ. ಆ್ಯಕ್ಸೆಸಿಬಿಲಿಟಿ ಆಫ್ ಮಾಡಿ, ಆ್ಯಪ್ ಕಿತ್ತುಹಾಕಿ. ಅನ್‌ಇನ್‌ಸ್ಟಾಲ್ ಬಟನ್ ಮಸುಕಾಗಿದ್ದರೆ ಅದು ಡಿವೈಸ್ ಅಡ್ಮಿನ್ ಆಗಿ ಕೂತಿರುತ್ತದೆ. ಸೆಟ್ಟಿಂಗ್ಸ್‌ನ ಡಿವೈಸ್ ಅಡ್ಮಿನ್ ಪಟ್ಟಿಯಲ್ಲಿ ಅದರ ಟಿಕ್ ತೆಗೆದರೆ ಬಟನ್ ಬರುತ್ತದೆ. ಆಗಲೂ ಬಿಡದಿದ್ದರೆ ಸೇಫ್ ಮೋಡ್‌ನಲ್ಲಿ ಫೋನ್ ಆನ್ ಮಾಡಿ ತೆಗೆಯಿರಿ. ಬ್ಯಾಂಕಿಗೆ ಬೇರೆ ಫೋನಿನಿಂದ ತಿಳಿಸಿ, ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.